ಕೆಲಸದ ವೇಳೆಯ ಅಳತೆ: ತಂತ್ರಾಂಶದ ನಿಯಮಗಳ ಒಂದು ವಿಮರ್ಶೆ

ಸರಳ ಲೋಲಕದ ಪ್ರಯೋಗ ಮಾಡದೆ ವಿಜ್ಞಾನದ ಓದು ಮುಗಿಸಿದವರು ಇರಲಿಕ್ಕಿಲ್ಲ. ಒಂದು ಆಂದೋಲನದ ಕಾಲವನ್ನು ನೇರವಾಗಿ ಅಳೆಯಬೇಡಿ, 20 ಆಂದೋಲನಗಳ ಕಾಲವನ್ನು ಅಳೆದು 20ರಿಂದ ಭಾಗಿಸಿ ಎಂದು ಅಧ್ಯಾಪಕರು ಹೇಳುತ್ತಾರೆ. ಗುಂಡಿ ಒತ್ತುವಾಗ ಆಗುವ ದೋಷ 20 ಪಾಲಾಗಿ ಹಂಚಿಹೋಗುತ್ತದೆ ಎಂಬುದು ಇದಕ್ಕೆ ಕಾರಣ. ಇದೇ ವಿದ್ಯಾರ್ಥಿ ಮುಂದೆ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರುತ್ತಾನೆ ಎನ್ನೋಣ. ಬಾಗಿಲ ಬಳಿಯ ಯಂತ್ರಕ್ಕೆ ಬೆರಳು ಒತ್ತಿ ಒಳಗೆ ಹೋಗುತ್ತಾನೆ. ಅವನು ಬಂದ ವೇಳೆಯನ್ನು ಆ ಯಂತ್ರ ಸೆಕೆಂಡಿನವರೆಗೆ ಬರೆದುಕೊಳ್ಳುತ್ತದೆ. ಆದರೆ ಸಂಬಳದ ಲೆಕ್ಕಕ್ಕೆ ಹೋಗುವಷ್ಟರಲ್ಲಿ ಆ ವೇಳೆ ಕಾಲು ಗಂಟೆಯ ಮಟ್ಟಕ್ಕೆ ಒರಟಾಗಿರುತ್ತದೆ. ಸೆಕೆಂಡನ್ನು ಅಳೆಯುವ ಉಪಕರಣವನ್ನು ಕೊಂಡು, ಅದು ತೋರಿದ ಬೆಲೆಯನ್ನು 900 ಪಟ್ಟು ಒರಟು ಮಾಡಿ ಬಳಸುವುದನ್ನು ಯಾವ ಪ್ರಯೋಗಾಲಯವೂ ಒಪ್ಪುವುದಿಲ್ಲ. ಕಾರ್ಖಾನೆ ಏಕೆ ಒಪ್ಪುತ್ತದೆ?

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಹಳೆಯ ಶಿಷ್ಯನೊಬ್ಬನಿಂದ. ಬಿ.ಎಸ್ಸಿ. ಮುಗಿಸಿದ ಅವನು ಈಗ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಉತ್ಪಾದನೆಯ ದಾಖಲೆಗಳನ್ನು ನೋಡಿಕೊಳ್ಳುತ್ತಾನೆ. ಅಲ್ಲಿ ಹೊಸ ತಂತ್ರಾಂಶ ಬರುವುದರಲ್ಲಿತ್ತು. ಹಾಜರಿ, ಪಾಳಿ, ವಿರಾಮ, ಓವರ್‌ಟೈಮ್, ಯಾವ ಜಾಬ್‌ಗೆ ಯಾರು ಎಷ್ಟು ಹೊತ್ತು ದುಡಿದರು ಎಂಬ ಲೆಕ್ಕ, ಇವೆಲ್ಲಕ್ಕೂ ನಿಯಮಗಳನ್ನು ಆರಿಸಿ ತುಂಬಬೇಕಾದ ನಮೂನೆಯೊಂದನ್ನು ಅವನು ತಂದಿದ್ದ. "ಸರ್, ಇದರಲ್ಲಿ ಯಾವುದಕ್ಕೆ ಟಿಕ್ ಹಾಕಲಿ, ನೀವೇ ಹೇಳಿ" ಎಂದ. ನಾನು ಹೆಚ್ಚು ಯೋಚಿಸಲಿಲ್ಲ. "ಹತ್ತಿರದ ಕಾಲು ಗಂಟೆಗೆ ರೌಂಡ್ ಮಾಡು. ಒಂದು ದಿನ ಮೇಲಕ್ಕೆ, ಒಂದು ದಿನ ಕೆಳಕ್ಕೆ, ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ" ಎಂದುಬಿಟ್ಟೆ. ಅದು ತಪ್ಪು ಉತ್ತರವಾಗಿತ್ತು. ಏಕೆ ತಪ್ಪು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕಾಲು ಗಂಟೆ ಎಲ್ಲಿಂದ ಬಂತು?

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಬರ್ನ್ ಊರಿನಲ್ಲಿ ಆಭರಣದ ವ್ಯಾಪಾರಿಯಾಗಿದ್ದ ವಿಲ್ಲರ್ಡ್ ಬಂಡಿ 1888ರ ಹೊತ್ತಿಗೆ ಕೆಲಸಗಾರರ ವೇಳೆ ದಾಖಲಿಸುವ ಗಡಿಯಾರವನ್ನು ರೂಪಿಸಿದ. ಪ್ರತಿಯೊಬ್ಬ ಕೆಲಸಗಾರನಿಗೂ ಸಂಖ್ಯೆಯುಳ್ಳ ಒಂದು ಕೀಲಿ. ಅದನ್ನು ತೂರಿಸಿ ತಿರುಗಿಸಿದರೆ ಕಾಗದದ ಪಟ್ಟಿಯ ಮೇಲೆ ಸಂಖ್ಯೆ ಮತ್ತು ವೇಳೆ ಮುದ್ರಣವಾಗುತ್ತಿತ್ತು. 1894ರಲ್ಲಿ ಡೇನಿಯಲ್ ಕೂಪರ್ ಕೀಲಿಯ ಬದಲು ಕಾರ್ಡನ್ನು ತಂದ. ನಾವು ಇಂದಿಗೂ ಬಳಸುವ 'ಪಂಚ್ ಮಾಡುವುದು' ಎಂಬ ಮಾತಿನ ಹಿಂದೆ ಈ ಕಾರ್ಡ್ ಇದೆ. ಇಂತಹ ಗಡಿಯಾರಗಳನ್ನು ತಯಾರಿಸುತ್ತಿದ್ದ ಕಂಪನಿಗಳು ಒಂದಾಗಿ, 1911ರಲ್ಲಿ ಬೇರೆ ಕಂಪನಿಗಳೊಂದಿಗೆ ಸೇರಿಕೊಂಡವು. ಹೀಗೆ ಹುಟ್ಟಿದ ಸಂಸ್ಥೆಯೇ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಗಣಕಯಂತ್ರಕ್ಕೆ ಹೆಸರಾದ ಸಂಸ್ಥೆಯ ಬೇರುಗಳಲ್ಲಿ ಒಂದು ಹಾಜರಿ ಗಡಿಯಾರದಲ್ಲಿದೆ ಎಂಬುದು ಸ್ವಾರಸ್ಯದ ಸಂಗತಿ.

ಆ ಕಾಲದ ಗುಮಾಸ್ತನ ಪಾಡನ್ನು ಊಹಿಸಿಕೊಳ್ಳಿ. ವಾರದ ಕೊನೆಗೆ ನೂರಾರು ಕಾರ್ಡುಗಳು. ಪ್ರತಿಯೊಂದರಲ್ಲೂ 7 ಗಂಟೆ 53 ನಿಮಿಷ, 12 ಗಂಟೆ 4 ನಿಮಿಷ ಎಂಬಂಥ ಅಂಕೆಗಳು. ಅರವತ್ತರ ಲೆಕ್ಕದಲ್ಲಿ ಕೂಡಿ ಕಳೆಯಬೇಕು, ಅದೂ ಕೈಯಲ್ಲಿ. ಕಾಲು ಗಂಟೆಗೆ ರೌಂಡ್ ಮಾಡಿದರೆ ಕೆಲಸ ಎಷ್ಟೋ ಹಗುರ. ಅಂದಿಗೆ ಅದು ನ್ಯಾಯವಾದ ಕಾರಣವೇ. ಈ ರೂಢಿಯನ್ನು ಅಮೆರಿಕದ ಕಾರ್ಮಿಕ ನಿಯಮಾವಳಿಯೂ ಒಪ್ಪಿಕೊಂಡಿತು. 1938ರ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯ್ದೆಯಡಿ ಇರುವ ನಿಯಮದ ಪ್ರಕಾರ, ಹತ್ತಿರದ 5 ನಿಮಿಷಕ್ಕೆ, ಗಂಟೆಯ ಹತ್ತನೆಯ ಒಂದು ಭಾಗಕ್ಕೆ ಅಥವಾ ಕಾಲು ಗಂಟೆಗೆ ವೇಳೆಯನ್ನು ರೌಂಡ್ ಮಾಡಬಹುದು. ಆದರೆ ಕಾಲಾಂತರದಲ್ಲಿ ಸರಾಸರಿಯಲ್ಲಿ ಕೆಲಸಗಾರನಿಗೆ ಅವನು ದುಡಿದ ಎಲ್ಲ ವೇಳೆಗೂ ಸಂಬಳ ಸಿಗುವಂತಿರಬೇಕು. ಇಂದಿನ ತಂತ್ರಾಂಶಗಳಲ್ಲಿ ಕಾಣುವ 5, 6, 15 ನಿಮಿಷಗಳ ಆಯ್ಕೆಗಳು ಈ ರೂಢಿಯ ಉಳಿಕೆಗಳು. ಕೂಡುವ ಗುಮಾಸ್ತ ಹೋದ, ಗಣಕ ಬಂತು. ಆದರೆ ಗುಮಾಸ್ತನ ಅನುಕೂಲಕ್ಕೆಂದು ಹುಟ್ಟಿದ ನಿಯಮ ಮಾತ್ರ ಉಳಿದುಕೊಂಡಿತು.

ದೋಷಗಳಲ್ಲಿ ಎರಡು ಬಗೆ

ಈಗ ನಾನು ಶಿಷ್ಯನಿಗೆ ಕೊಟ್ಟ ಉತ್ತರವನ್ನೇ ಪರೀಕ್ಷಿಸೋಣ. ಹತ್ತಿರದ ಕಾಲು ಗಂಟೆಗೆ ರೌಂಡ್ ಮಾಡಿದರೆ 8 ಗಂಟೆ 7 ನಿಮಿಷಕ್ಕೆ ಬಂದವನು 8ಕ್ಕೆ ಬಂದಂತೆ. 8 ಗಂಟೆ 8 ನಿಮಿಷಕ್ಕೆ ಬಂದವನು 8 ಗಂಟೆ 15 ನಿಮಿಷಕ್ಕೆ ಬಂದಂತೆ. ಪ್ರತಿ ಪಂಚ್‌ನಲ್ಲಿ ದೋಷ ಹೆಚ್ಚೆಂದರೆ ಏಳೂವರೆ ನಿಮಿಷ, ಈ ಕಡೆಗೆ ಅಥವಾ ಆ ಕಡೆಗೆ. ಪಂಚ್‌ಗಳು ಕಾಲು ಗಂಟೆಯ ಉದ್ದಕ್ಕೂ ಸಮನಾಗಿ ಹರಡಿದ್ದರೆ, ಈ ದೋಷದ ಮಾನಕ ವಿಚಲನೆ 15 ಅನ್ನು √12ರಿಂದ ಭಾಗಿಸಿದಷ್ಟು, ಎಂದರೆ 4.33 ನಿಮಿಷ. ದಿನಕ್ಕೆ ಎರಡು ಪಂಚ್. ಆದ್ದರಿಂದ ದಿನದ ವೇಳೆಯಲ್ಲಿ 6.12 ನಿಮಿಷ.

ಯಾದೃಚ್ಛಿಕ ದೋಷಗಳು ದಿನಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತವೆ. 25 ದಿನಗಳಿಗೆ 6.12ರ ಐದು ಪಟ್ಟು, ಸುಮಾರು 31 ನಿಮಿಷ. 300 ದಿನಗಳ ವರ್ಷಕ್ಕೆ ಸುಮಾರು 106 ನಿಮಿಷ. ದಿನಕ್ಕೆ 8 ಗಂಟೆಯಂತೆ ವರ್ಷದ ದುಡಿಮೆ 1,44,000 ನಿಮಿಷ. ಅದರಲ್ಲಿ 106 ನಿಮಿಷವೆಂದರೆ ಶೇಕಡಾ 0.07. ಇಷ್ಟು ದೋಷವಿರುವ ಪ್ರಯೋಗವನ್ನು ವಿದ್ಯಾರ್ಥಿ ಮಾಡಿ ತೋರಿಸಿದರೆ ನಾವು ಬೆನ್ನು ತಟ್ಟುತ್ತೇವೆ!

ಇದಕ್ಕೆ ವಿರುದ್ಧವಾಗಿ, ಬರುವಾಗ ಮುಂದಿನ ಕಾಲು ಗಂಟೆಗೆ, ಹೋಗುವಾಗ ಹಿಂದಿನ ಕಾಲು ಗಂಟೆಗೆ ಎಂಬ ನಿಯಮವನ್ನು ಆರಿಸಿದರೆಂದು ಇಟ್ಟುಕೊಳ್ಳಿ. ತಂತ್ರಾಂಶದಲ್ಲಿ ಇದೂ ಒಂದು ಟಿಕ್‌ನಷ್ಟೇ ದೂರ. ಈಗ ಪ್ರತಿ ಪಂಚ್‌ನಲ್ಲೂ ಸರಾಸರಿ 7.5 ನಿಮಿಷ ಕೆಲಸಗಾರನದೇ ನಷ್ಟ. ದಿನಕ್ಕೆ 15 ನಿಮಿಷ. 25 ದಿನಕ್ಕೆ 375 ನಿಮಿಷ, ಎಂದರೆ ಆರೂಕಾಲು ಗಂಟೆ. 300 ದಿನಕ್ಕೆ 75 ಗಂಟೆ. ಎಂಟು ಗಂಟೆಯ ಒಂಬತ್ತು ದಿನಗಳಿಗಿಂತ ಹೆಚ್ಚು ದುಡಿಮೆ ಲೆಕ್ಕದಿಂದ ಮಾಯ! ಇದು ವ್ಯವಸ್ಥಿತ ದೋಷ. ಇದು ವರ್ಗಮೂಲದಂತೆ ಬೆಳೆಯುವುದಿಲ್ಲ, ದಿನಗಳ ಸಂಖ್ಯೆಯ ನೇರ ಅನುಪಾತದಲ್ಲಿ ಬೆಳೆಯುತ್ತದೆ. ಎರಡೂ ನಿಯಮಗಳಿಗೆ ತಂತ್ರಾಂಶದಲ್ಲಿ ಇರುವ ಹೆಸರು ಒಂದೇ, 'ರೌಂಡಿಂಗ್'. ಆದರೆ ಒಂದರಲ್ಲಿ ವರ್ಷಕ್ಕೆ 106 ನಿಮಿಷದ ಏರುಪೇರು, ಇನ್ನೊಂದರಲ್ಲಿ 4,500 ನಿಮಿಷದ ಖಚಿತ ನಷ್ಟ.

ಹಾಗಾದರೆ ಹತ್ತಿರದ ಕಾಲು ಗಂಟೆ ಎಂದ ನನ್ನ ಉತ್ತರ ಸರಿಯಾಯಿತಲ್ಲ? ಆಗಲಿಲ್ಲ. ಶಿಷ್ಯ ಮತ್ತೊಮ್ಮೆ ಬಂದಾಗ ಒಂದು ತಿಂಗಳ ಪಂಚ್‌ಗಳ ಪಟ್ಟಿಯನ್ನು, ಹೆಸರುಗಳನ್ನು ತೆಗೆದು, ತಂದಿದ್ದ. ಅದನ್ನು ನೋಡಿದ ಮೇಲೆ ನನ್ನ ಲೆಕ್ಕದ ಬುಡವೇ ಅಲುಗಿತು. ಪಂಚ್‌ಗಳು ಸಮನಾಗಿ ಹರಡಿರಲೇ ಇಲ್ಲ. ಪಾಳಿ 8ಕ್ಕೆ ಆರಂಭ. ಬಸ್ಸು ಅದಕ್ಕೆ ಸ್ವಲ್ಪ ಮುಂಚೆ ಬರುತ್ತದೆ. ಹೀಗಾಗಿ ಬಹುತೇಕ ಎಲ್ಲರೂ 8ಕ್ಕೆ ಮುಂಚಿನ ಏಳೆಂಟು ನಿಮಿಷಗಳಲ್ಲೇ ಒಳಗೆ ಬಂದಿರುತ್ತಾರೆ. ತಡವಾದರೆ ಎಚ್ಚರಿಕೆಯ ಪತ್ರ ಬರುವುದರಿಂದ 8 ಗಂಟೆ 5 ನಿಮಿಷಕ್ಕೆ ಬರುವವರು ವಿರಳ. ಹೊರಹೋಗುವಾಗ ಯಂತ್ರ ಒರೆಸಿ, ಉಪಕರಣ ಒಪ್ಪಿಸಿ, ಸಾಲಿನಲ್ಲಿ ನಿಂತು ಪಂಚ್ ಮಾಡುವಷ್ಟರಲ್ಲಿ ಪಾಳಿ ಮುಗಿದು ನಾಲ್ಕಾರು ನಿಮಿಷ. ಎಂದರೆ, ಬರುವಾಗ ಮೇಲಕ್ಕೆ, ಹೋಗುವಾಗ ಕೆಳಕ್ಕೆ. ನಿಯಮ ನಿಷ್ಪಕ್ಷಪಾತವಾಗಿದ್ದರೂ ಫಲ ಏಕಪಕ್ಷೀಯ. ಉದಾಹರಣೆಗೆ ಬೆಳಗ್ಗೆ 5 ನಿಮಿಷ, ಸಂಜೆ 4 ನಿಮಿಷ ಹೀಗೆ ಕಳೆದುಹೋದರೆ 300 ದಿನಕ್ಕೆ 45 ಗಂಟೆ. ದೋಷಗಳು ಪರಸ್ಪರ ರದ್ದಾಗಬೇಕಾದರೆ ಅವು ಎರಡೂ ಕಡೆಗೆ ಬೀಳುವಂತಿರಬೇಕು ಎಂಬ ಷರತ್ತನ್ನು ನಾನು ಪಾಠ ಹೇಳುವಾಗ ಒತ್ತಿ ಹೇಳುತ್ತೇನೆ. ಸಲಹೆ ಕೊಡುವಾಗ ಮರೆತಿದ್ದೆ.

ಸರಾಸರಿಯ ಮರೆಯಲ್ಲಿ

ಪಂಚ್‌ಗಳು ಸಮನಾಗಿ ಹರಡಿವೆ ಎಂದೇ ಒಪ್ಪಿಕೊಂಡರೂ ಇನ್ನೊಂದು ತೊಡಕು ಉಳಿಯುತ್ತದೆ. 200 ಜನರ ಕಾರ್ಖಾನೆಯಲ್ಲಿ ಎಲ್ಲರ ದೋಷಗಳ ಸರಾಸರಿ ಸೊನ್ನೆಗೆ ಹತ್ತಿರವಿರಬಹುದು. ಆದರೆ ಮಾನಕ ವಿಚಲನೆಯ ಅರ್ಥವನ್ನು ನೆನಪಿಸಿಕೊಳ್ಳಿ. ಸುಮಾರು ಮೂರನೆಯ ಒಂದು ಭಾಗದ ಜನರಿಗೆ ವರ್ಷಕ್ಕೆ 106 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಬಂದಿರುತ್ತದೆ. ಅವರಲ್ಲಿ ಅರ್ಧದಷ್ಟು, ಎಂದರೆ ಸುಮಾರು 32 ಜನ, ಕಳೆದುಕೊಂಡವರು. ಪಕ್ಕದವನಿಗೆ ಅಷ್ಟೇ ಲಾಭವಾಗಿದೆ ಎಂಬುದು ಕಳೆದುಕೊಂಡವನಿಗೆ ಸಮಾಧಾನವಲ್ಲ. ಕಾರ್ಖಾನೆಯ ಸರಾಸರಿ ಸೊನ್ನೆ ಎಂದರೆ ಪ್ರತಿಯೊಬ್ಬನ ನಷ್ಟ ಸೊನ್ನೆ ಎಂದು ಅರ್ಥವಲ್ಲ.

ಇದು ಕೇವಲ ಪುಸ್ತಕದ ತರ್ಕವಲ್ಲ. ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯವೊಂದು 2022ರಲ್ಲಿ ಹೋಮ್ ಡಿಪೋ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತು. ಸಂಸ್ಥೆ ನಿಮಿಷದ ಲೆಕ್ಕದಲ್ಲಿ ವೇಳೆಯನ್ನು ದಾಖಲಿಸಿ, ನಂತರ ಕಾಲು ಗಂಟೆಗೆ ರೌಂಡ್ ಮಾಡುತ್ತಿತ್ತು. ನೌಕರನೊಬ್ಬ ಸುಮಾರು ನಾಲ್ಕೂವರೆ ವರ್ಷಗಳಲ್ಲಿ ಒಟ್ಟು 470 ನಿಮಿಷಗಳನ್ನು ಕಳೆದುಕೊಂಡಿದ್ದ. ನಿಖರ ನಿಮಿಷಗಳನ್ನು ದಾಖಲಿಸುವ ಸಾಮರ್ಥ್ಯವಿದ್ದು, ದಾಖಲಿಸಿಯೂ ಇರುವಾಗ, ದುಡಿದ ವೇಳೆಗೆ ಪೂರ್ಣ ಸಂಬಳ ಕೊಡಬೇಕು ಎಂಬ ಕಡೆಗೆ ನ್ಯಾಯಾಲಯ ವಾಲಿತು. 2023ರಲ್ಲಿ ವಿಷಯ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಪರಿಶೀಲನೆಗೆ ಹೋಯಿತು. ಕಾನೂನಿನ ಜಟಿಲತೆಗಳನ್ನು ಬದಿಗಿಟ್ಟು ನೋಡಿದರೂ ಮಾಪನದ ದೃಷ್ಟಿಯಿಂದ ಈ ವಾದ ಗಟ್ಟಿಯಾದುದು: ಕೈಯಲ್ಲಿರುವ ನಿಖರ ಅಳತೆಯನ್ನು ಬಿಸಾಡುವುದಕ್ಕೆ ಸಬೂಬು ಬೇಕು.

ಮೆಟ್ಟಿಲು ಮತ್ತು ಸರಳರೇಖೆ

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಇನ್ನೂ ಸ್ಪಷ್ಟ. 1936ರ ವೇತನ ಪಾವತಿ ಕಾಯ್ದೆಯ 9ನೆಯ ವಿಧಿ, ಗೈರುಹಾಜರಿಗಾಗಿ ಮಾಡುವ ಕಡಿತ ಗೈರುಹಾಜರಾದ ವೇಳೆಯ ಅನುಪಾತವನ್ನು ಮೀರಕೂಡದೆಂದು ಹೇಳಿತ್ತು. ಮುನ್ಸೂಚನೆಯಿಲ್ಲದೆ ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ ಗೈರುಹಾಜರಾದ ಸಂದರ್ಭಕ್ಕೆ ಮಾತ್ರ ಬೇರೆ ನಿಯಮವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯೂ ತನ್ನ 20ನೆಯ ವಿಧಿಯಲ್ಲಿ ಇದೇ ಅನುಪಾತದ ತತ್ತ್ವವನ್ನು ಉಳಿಸಿಕೊಂಡಿದೆ.

ಅನುಪಾತವೆಂದರೆ ಸರಳರೇಖೆ. ನಕ್ಷೆಯ ಕಾಗದ ತೆಗೆದುಕೊಂಡು ಅಡ್ಡ ಅಕ್ಷದಲ್ಲಿ ತಡವಾದ ನಿಮಿಷಗಳನ್ನೂ ಲಂಬ ಅಕ್ಷದಲ್ಲಿ ಕಡಿತವಾದ ನಿಮಿಷಗಳನ್ನೂ ಗುರುತಿಸಿದರೆ, ಕಾನೂನಿನ ಮಿತಿ ಮೂಲಬಿಂದುವಿನಿಂದ ಹೊರಡುವ 45 ಡಿಗ್ರಿಯ ಗೆರೆ. 'ಒಂದು ನಿಮಿಷ ತಡವಾದರೂ ಕಾಲು ಗಂಟೆ ಕಡಿತ' ಎಂಬ ನಿಯಮವಾದರೋ ಮೆಟ್ಟಿಲಿನಂತೆ. ಮೆಟ್ಟಿಲಿನ ಅಂಚುಗಳು ಮಾತ್ರ ಗೆರೆಯನ್ನು ಮುಟ್ಟುತ್ತವೆ. ಉಳಿದೆಲ್ಲ ಕಡೆ ಅದು ಗೆರೆಯ ಮೇಲೆಯೇ ಇರುತ್ತದೆ. 3 ನಿಮಿಷ ತಡವಾದವನಿಗೆ 15 ನಿಮಿಷ ಕಡಿದರೆ ಅನುಪಾತದ ಐದು ಪಟ್ಟು. ತಡವಾಗಿ ಬರುವವರನ್ನು ಶಿಸ್ತಿಗೆ ಒಳಪಡಿಸುವುದು ಬೇರೆ, ವೇಳೆಯ ಅಳತೆಯನ್ನೇ ತಿದ್ದುವುದು ಬೇರೆ. ದಂಡವನ್ನು ಅಳತೆಯ ವೇಷದಲ್ಲಿ ಒಳಗೆ ತರುವುದು ಸರಿಯಲ್ಲ.

ಓವರ್‌ಟೈಮ್‌ಗೂ ಇದೇ ಮಾತು. 'ಅರ್ಧ ಗಂಟೆ ತುಂಬಿದರೆ ಮಾತ್ರ ಲೆಕ್ಕ' ಎಂಬ ನಿಯಮದಲ್ಲಿ 25 ನಿಮಿಷ ಹೆಚ್ಚು ದುಡಿದವನಿಗೆ ಸೊನ್ನೆ. ಓವರ್‌ಟೈಮ್‌ಗೆ ಎರಡು ಪಟ್ಟು ದರವಿರುವುದರಿಂದ ಅವನ ನಷ್ಟ 50 ನಿಮಿಷದ ಸಂಬಳ. ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮ್ ಮಿತಿಯನ್ನು ಕರ್ನಾಟಕ 2023ರ ತಿದ್ದುಪಡಿಯಲ್ಲಿ 144 ಗಂಟೆಗೆ ಏರಿಸಿತು. ಮಿತಿ ಹೆಚ್ಚಿದಷ್ಟೂ ಅಳತೆಯ ಪ್ರಾಮಾಣಿಕತೆಯೂ ಹೆಚ್ಚಬೇಕಲ್ಲವೇ?

ಅಳೆಯದೇ ಬರೆದ ವಿರಾಮ

ನಮೂನೆಯಲ್ಲಿದ್ದ ಇನ್ನೊಂದು ಟಿಕ್, 'ಊಟದ ವಿರಾಮ 30 ನಿಮಿಷ, ತಾನಾಗಿ ಕಳೆಯಲಿ'. ಇದನ್ನು ಮಾಪನವೆಂದು ಕರೆಯುವಂತಿಲ್ಲ, ಇದು ಊಹೆ. ಕೆಲಸದ ಒತ್ತಡದಲ್ಲಿ ಹತ್ತೇ ನಿಮಿಷದಲ್ಲಿ ಡಬ್ಬಿ ಮುಗಿಸಿ ಯಂತ್ರಕ್ಕೆ ಮರಳಿದವನ ದಾಖಲೆಯಲ್ಲೂ 30 ನಿಮಿಷವೇ ಇರುತ್ತದೆ. ಸತತ 5 ಗಂಟೆಗಿಂತ ಹೆಚ್ಚು ದುಡಿಸದೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿದ್ದು ದೇಹದ ದಣಿವನ್ನು ಗಮನಿಸಿ. ತಾನಾಗಿ ಕಳೆಯುವ ನಿಯಮದಲ್ಲಿ ವಿಶ್ರಾಂತಿ ಸಿಗಲಿ ಬಿಡಲಿ, ಸಿಕ್ಕಿತೆಂಬ ದಾಖಲೆ ಮಾತ್ರ ಸಿದ್ಧ.

ರೌಂಡ್ ಮಾಡಿದರೂ ಅದೇ ಕಥೆ. ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ಒದಗಿಸುವ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಕೊಟ್ಟ ತೀರ್ಪಿನಲ್ಲಿ ಸೊಗಸಾದ ಉದಾಹರಣೆಯಿದೆ. ಅಲ್ಲಿನ ತಂತ್ರಾಂಶ ಹತ್ತಿರದ 10 ನಿಮಿಷಕ್ಕೆ ರೌಂಡ್ ಮಾಡುತ್ತಿತ್ತು. 11 ಗಂಟೆ 2 ನಿಮಿಷಕ್ಕೆ ಊಟಕ್ಕೆ ಹೋಗಿ 11 ಗಂಟೆ 25 ನಿಮಿಷಕ್ಕೆ ಮರಳಿದರೆ, ದಾಖಲೆಯಲ್ಲಿ 11ರಿಂದ 11 ಗಂಟೆ 30 ನಿಮಿಷದವರೆಗೆ. 23 ನಿಮಿಷದ ವಿರಾಮ 30 ನಿಮಿಷವಾಯಿತು! ಊಟದ ವಿರಾಮಕ್ಕೆ ರೌಂಡಿಂಗ್ ಸಲ್ಲದು ಎಂದು ನ್ಯಾಯಾಲಯ ತೀರ್ಮಾನಿಸಿತು. ವಿದ್ಯಾರ್ಥಿಗಳು ಇದರಲ್ಲಿ ಸಾಪೇಕ್ಷ ದೋಷದ ಪಾಠವನ್ನು ಕಾಣಬಹುದು. 7 ನಿಮಿಷದ ದೋಷ ಎಂಟು ಗಂಟೆಯ ದಿನದಲ್ಲಿ ಶೇಕಡಾ ಒಂದೂವರೆ. 23 ನಿಮಿಷದ ವಿರಾಮದಲ್ಲಿ ಶೇಕಡಾ 30. ಅಳೆಯುವ ಅವಧಿ ಚಿಕ್ಕದಾದಷ್ಟೂ ಒರಟು ಅಳತೆಗೋಲು ಹೆಚ್ಚು ಹಾನಿ ಮಾಡುತ್ತದೆ.

ಕಾರ್ಖಾನೆಗೇ ಆಗುವ ನಷ್ಟ

ಇಲ್ಲಿಯವರೆಗೆ ಕೆಲಸಗಾರನ ಕಡೆಯಿಂದ ನೋಡಿದೆವು. ಜಾಬ್‌ವಾರು ದುಡಿಮೆಯ ಲೆಕ್ಕಕ್ಕೆ ಬಂದರೆ ಒರಟು ನಿಯಮಗಳಿಂದ ಕಾರ್ಖಾನೆಗೂ ಪೆಟ್ಟು. ಕಾಲು ಗಂಟೆಯ ರೌಂಡಿಂಗ್‌ನಲ್ಲಿ 6 ನಿಮಿಷದ ಕೆಲಸ ಸೊನ್ನೆಯಾಗುತ್ತದೆ, 8 ನಿಮಿಷದ ಕೆಲಸ 15 ಆಗುತ್ತದೆ. ಒಬ್ಬ ಆಪರೇಟರ್ 6 ನಿಮಿಷದ ಹತ್ತು ಕೆಲಸಗಳನ್ನು ಮಾಡಿದರೆ ಒಂದು ಗಂಟೆಯ ದುಡಿಮೆ ದಾಖಲೆಯಲ್ಲೇ ಇಲ್ಲ. ಈ ದಾಖಲೆಯನ್ನು ನಂಬಿ ಮುಂದಿನ ಆರ್ಡರ್‌ಗೆ ಬೆಲೆ ಹೇಳಿದರೆ ಮಾಲೀಕನಿಗೇ ನಷ್ಟ.

ಸೆಟ್ಟಿಂಗ್ ವೇಳೆಯನ್ನೂ ತಯಾರಿಕೆಯ ವೇಳೆಯನ್ನೂ ಬೇರೆಬೇರೆಯಾಗಿ ಬರೆಯುವುದು ಇಷ್ಟೇ ಮುಖ್ಯ. ಯಂತ್ರವನ್ನು ಸಿದ್ಧಗೊಳಿಸಲು 40 ನಿಮಿಷ, ನಂತರ ಪ್ರತಿ ಬಿಡಿಭಾಗಕ್ಕೆ 2 ನಿಮಿಷ ಎಂದಿಟ್ಟುಕೊಳ್ಳಿ. 10 ಭಾಗಗಳಿಗೆ 60 ನಿಮಿಷ, ಒಂದಕ್ಕೆ 6 ನಿಮಿಷ. 100 ಭಾಗಗಳಿಗೆ 240 ನಿಮಿಷ, ಒಂದಕ್ಕೆ 2.4 ನಿಮಿಷ. ಎರಡನ್ನೂ ಒಂದೇ ಖಾನೆಯಲ್ಲಿ ಬರೆದರೆ ಮೊದಲನೆಯ ದಿನದ ಆಪರೇಟರ್ ಸೋಮಾರಿಯಂತೆ ಕಾಣುತ್ತಾನೆ. ಸರಳರೇಖೆಯ ಇಳಿಜಾರು ಮತ್ತು ಲಂಬ ಅಕ್ಷದ ಛೇದವನ್ನು ಬೇರ್ಪಡಿಸದೆ ಒಂದೇ ಬಿಂದುವಿನಿಂದ ತೀರ್ಪು ಕೊಟ್ಟಂತೆ.

ಒಬ್ಬ ಆಪರೇಟರ್ ಎರಡು ಸಿಎನ್‌ಸಿ ಯಂತ್ರಗಳನ್ನು ನೋಡಿಕೊಳ್ಳುವಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಮೊದಲ ಜಾಬ್ 10ರಿಂದ 12 ಗಂಟೆಯವರೆಗೆ, ಎರಡನೆಯದು ಹತ್ತೂವರೆಯಿಂದ 12ರವರೆಗೆ. ಎರಡಕ್ಕೂ ಪೂರ್ತಿ ವೇಳೆ ಬರೆದರೆ 2 ಮತ್ತು ಒಂದೂವರೆ, ಒಟ್ಟು ಮೂರೂವರೆ ಗಂಟೆ. ಆದರೆ ಆಪರೇಟರ್ ಅಲ್ಲಿದ್ದದ್ದು ಎರಡೇ ಗಂಟೆ! ಇಬ್ಬದಿಯ ವೇಳೆಯನ್ನು ಸಮನಾಗಿ ಹಂಚಿದರೆ ಮೊದಲ ಜಾಬ್‌ಗೆ ಒಂದೂಕಾಲು, ಎರಡನೆಯದಕ್ಕೆ ಮುಕ್ಕಾಲು, ಒಟ್ಟು ಎರಡು. ಮೂರೂವರೆ ತಪ್ಪು ಸಂಖ್ಯೆಯಲ್ಲ. ಅದು ಯಂತ್ರಗಳು ಓಡಿದ ವೇಳೆ. ಎರಡು ಮನುಷ್ಯನ ವೇಳೆ. ಎರಡಕ್ಕೂ ಏಕಮಾನ ಗಂಟೆಯೇ ಆದರೂ ಪರಿಮಾಣಗಳು ಬೇರೆ. ಟಾರ್ಕ್ ಮತ್ತು ಶಕ್ತಿ ಎರಡನ್ನೂ ನ್ಯೂಟನ್-ಮೀಟರಿನಲ್ಲಿ ಬರೆಯಬಹುದಾದರೂ ಅವೆರಡನ್ನೂ ಕೂಡುವುದಿಲ್ಲವಷ್ಟೆ. ಒಬ್ಬನ ಎಲ್ಲ ಜಾಬ್‌ಗಳ ವೇಳೆ, ಯಂತ್ರ ನಿಂತಾಗ ಕಾದ ವೇಳೆ, ಶುಚಿಗೊಳಿಸಿದ ವೇಳೆ, ಇವೆಲ್ಲದರ ಮೊತ್ತ ಅವನು ಪಾಳಿಯಲ್ಲಿ ದುಡಿದ ವೇಳೆಗೆ ಸಮನಾಗಿರಬೇಕು. ಇದನ್ನು ವೇಳೆಯ ಸಂರಕ್ಷಣಾ ನಿಯಮವೆಂದು ಕರೆದರೆ ತಪ್ಪಾಗದು. ತಂತ್ರಾಂಶ ಪ್ರತಿದಿನ ಈ ತಾಳೆಯನ್ನು ನೋಡಬೇಕು. ತಾಳೆಯಾಗದಿದ್ದರೆ ತಾನೇ ತುಂಬಿಸಿಕೊಳ್ಳದೆ ಮನುಷ್ಯರನ್ನು ಕೇಳಬೇಕು.

ಚಿಕ್ಕ ತಪ್ಪುಗಳು

ಕೆಲವು ತಪ್ಪುಗಳು ಚಿಕ್ಕವು, ಆದರೆ ದಿನವೂ ಆಗುವಂಥವು. 8 ಗಂಟೆ 15 ನಿಮಿಷವನ್ನು ದಶಮಾಂಶದಲ್ಲಿ 8.25 ಎಂದು ಬರೆಯಬೇಕು. 8.15 ಎಂದು ಬರೆದರೆ ಅದು 8 ಗಂಟೆ 9 ನಿಮಿಷ. 7 ಗಂಟೆ 50 ನಿಮಿಷವನ್ನು 7.5 ಎಂದು ಬರೆದರೆ 20 ನಿಮಿಷ ಹೋಯಿತು. ರಾತ್ರಿ ಪಾಳಿ 22 ಗಂಟೆಗೆ ಆರಂಭವಾಗಿ ಬೆಳಗಿನ 6ಕ್ಕೆ ಮುಗಿದರೆ, 6ರಿಂದ 22 ಕಳೆದು ಬರುವ ಋಣ 16ಕ್ಕೆ 24 ಕೂಡಬೇಕೆಂಬುದನ್ನು ತಂತ್ರಾಂಶಕ್ಕೆ ಹೇಳಿರಬೇಕು. ಮಧ್ಯರಾತ್ರಿಯ ನಂತರದ ವೇಳೆ ಹಿಂದಿನ ದಿನಕ್ಕೆ ಸೇರುತ್ತದೆ ಎಂದು 1948ರ ಕಾಯ್ದೆಯ 57ನೆಯ ವಿಧಿ ಸ್ಪಷ್ಟಪಡಿಸಿತ್ತು. ಇಲ್ಲದಿದ್ದರೆ ಒಂದೇ ಪಾಳಿ ಎರಡು ದಿನಗಳಿಗೆ ಹರಿದುಹೋಗಿ ಓವರ್‌ಟೈಮ್ ಮರೆಯಾಗುತ್ತದೆ. ಇನ್ನು ಗಡಿಯಾರಗಳು. ಹತ್ತು ಲಕ್ಷದಲ್ಲಿ 20 ಭಾಗದಷ್ಟು ತಪ್ಪುವ ಸಾಧಾರಣ ಕ್ವಾರ್ಟ್ಸ್ ಗಡಿಯಾರ ದಿನಕ್ಕೆ 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು ಜಾರುತ್ತದೆ. ಬಾಗಿಲ ಬಳಿಯ ಯಂತ್ರವೂ ಒಳಗಿನ ಯಂತ್ರವೂ ವಿರುದ್ಧ ದಿಕ್ಕಿಗೆ ಜಾರಿದರೆ ನಾಲ್ಕು ತಿಂಗಳಲ್ಲಿ ಏಳು ನಿಮಿಷದ ಅಂತರ! ಎಲ್ಲ ಯಂತ್ರಗಳನ್ನೂ ಒಂದೇ ಪ್ರಮಾಣ ವೇಳೆಗೆ ಹೊಂದಿಸುತ್ತಿರಬೇಕು. ಭಾರತದ ಪ್ರಮಾಣ ವೇಳೆಯನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಕಾಯ್ದುಕೊಂಡು ಬಂದಿದೆ.

ಎದುರು ವಾದಗಳು

ಆಡಳಿತದವರ ವಾದದಲ್ಲಿಯೂ ಹುರುಳಿಲ್ಲದಿಲ್ಲ. 8ಕ್ಕೆ ಆರಂಭವಾಗುವ ಪಾಳಿಗೆ 7 ಗಂಟೆ 40 ನಿಮಿಷಕ್ಕೇ ಬಂದು ಚಹ ಕುಡಿಯುತ್ತಾ ಹರಟುವವನಿಗೆ ಆ 20 ನಿಮಿಷದ ಸಂಬಳ ಏಕೆ ಕೊಡಬೇಕು? ಕೊಡಬೇಕಿಲ್ಲ. ಬಾಗಿಲೊಳಗಿನ ಹಾಜರಿಯೆಲ್ಲ ದುಡಿಮೆಯಲ್ಲ. ಆದರೆ ಅದೇ 20 ನಿಮಿಷದಲ್ಲಿ ಹಿಂದಿನ ಪಾಳಿಯವನಿಂದ ಯಂತ್ರವನ್ನು ವಹಿಸಿಕೊಂಡು, ಅಳತೆಯ ಗೇಜುಗಳನ್ನು ತಂದಿಟ್ಟವನದು ದುಡಿಮೆಯೇ. ಇವರಿಬ್ಬರನ್ನು ರೌಂಡಿಂಗ್ ಬೇರ್ಪಡಿಸಲಾರದು. ಇಬ್ಬರನ್ನೂ ಒಂದೇ ಕತ್ತರಿಯಿಂದ ಕತ್ತರಿಸುತ್ತದೆ. ಯಾವುದು ದುಡಿಮೆ ಎಂಬ ವ್ಯಾಖ್ಯೆ ಮೊದಲು ಬರಬೇಕು, ಅಳತೆ ಆಮೇಲೆ. ಅಳೆಯಬೇಕಾದ ಪರಿಮಾಣ ಯಾವುದೆಂದು ಗೊತ್ತಿಲ್ಲದೆ ಉಪಕರಣವನ್ನು ದೂರಿ ಫಲವಿಲ್ಲ.

ಎರಡನೆಯ ವಾದ, ಇಷ್ಟು ನಿಖರವಾಗಿ ಅಳೆದರೆ ಕೆಲಸಗಾರರ ಮೇಲೆ ಪ್ರತಿ ನಿಮಿಷದ ಕಾವಲು ಕೂತಂತಾಗದೇ ಎಂಬುದು. ಈ ಆತಂಕ ನಿಜವಾದುದು. ಸ್ವಲ್ಪವೇ ನೀರಿನಲ್ಲಿ ದೊಡ್ಡ ತಾಪಮಾಪಕ ಅದ್ದಿದರೆ ನೀರಿನ ತಾಪವೇ ಬದಲಾಗುತ್ತದೆ. ಪ್ರತಿ ಜಾಬ್‌ನ ವೇಳೆಯನ್ನು ಹಿಡಿದು ಬೈಯಲಾರಂಭಿಸಿದರೆ ಆಪರೇಟರ್ ಹೆಚ್ಚಾದ ನಿಮಿಷಗಳನ್ನು 'ಯಂತ್ರ ದುರಸ್ತಿ' ಖಾನೆಗೆ ತುಂಬುತ್ತಾನೆ. ಅಳತೆಯನ್ನೇ ಗುರಿಯಾಗಿಸಿದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ತಿಳಿವಳಿಕೆಗೆ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿದೆ. ಇದರ ಮೂಲ 1975ರ ಅವರ ಬರಹದಲ್ಲಿದೆ. ಆದ್ದರಿಂದ ಸಂಬಳಕ್ಕೆ ಬಳಸುವ ವೇಳೆಯನ್ನೂ ಬೆಲೆ ಕಟ್ಟಲು ಬಳಸುವ ವೇಳೆಯನ್ನೂ ಬೇರೆಬೇರೆ ಇಡಬೇಕು, ಎರಡನೆಯದನ್ನು ಬೆತ್ತವಾಗಿ ಬಳಸಕೂಡದು.

ಹಾಗಾದರೆ ಟಿಕ್ ಯಾವುದಕ್ಕೆ?

ಶಿಷ್ಯನೂ ನಾನೂ ಕುಳಿತು ನಮೂನೆಯನ್ನು ಮತ್ತೆ ತುಂಬಿದೆವು. ಅದರ ಸಾರ ಇಷ್ಟು. ಯಂತ್ರ ದಾಖಲಿಸಿದ ಮೂಲ ವೇಳೆಯನ್ನು ಯಾರೂ ಅಳಿಸುವಂತಿಲ್ಲ. ತಿದ್ದುಪಡಿ ಬೇಕಾದರೆ ತಿದ್ದಿದವರ ಹೆಸರು, ವೇಳೆ, ಕಾರಣ ಪಕ್ಕದಲ್ಲಿ ಉಳಿಯಬೇಕು. ಲೆಕ್ಕವೆಲ್ಲ ನಿಮಿಷದಲ್ಲೇ ನಡೆಯಬೇಕು; ರೌಂಡ್ ಮಾಡುವುದಾದರೆ ತಿಂಗಳ ಮೊತ್ತಕ್ಕೆ ಕೊನೆಯಲ್ಲಿ ಒಂದೇ ಸಲ. ವಿರಾಮವನ್ನು ಪಂಚ್‌ನಿಂದ ಅಳೆಯಬೇಕು. ತಡವಾದುದಕ್ಕೆ ಕಡಿತ ತಡವಾದಷ್ಟೇ. ಮನುಷ್ಯನ ಗಂಟೆ, ಯಂತ್ರದ ಗಂಟೆ ಬೇರೆ ಖಾನೆಗಳಲ್ಲಿ. ಪ್ರತಿಯೊಬ್ಬನೂ ತನ್ನ ವೇಳೆಯ ಪಟ್ಟಿಯನ್ನು, ಕನ್ನಡದಲ್ಲಿ, ಸಂಬಳಕ್ಕೆ ಮುಂಚೆ ನೋಡುವಂತಿರಬೇಕು. ಇವುಗಳಲ್ಲಿ ಹೆಚ್ಚಿನವನ್ನು ಆಡಳಿತ ಒಪ್ಪಿತು. ವಿರಾಮದ ವಿಷಯ ಮಾತ್ರ ಇನ್ನೂ ಮಾತುಕತೆಯಲ್ಲಿದೆ ಎಂದು ಶಿಷ್ಯ ತಿಳಿಸಿದ್ದಾನೆ.

ಅಧ್ಯಾಪಕರಿಗೆ ಒಂದು ಸೂಚನೆ. ದೋಷಗಳ ಪಾಠ ಮಾಡುವಾಗ ತರಗತಿಗೆ ವಿದ್ಯಾರ್ಥಿಗಳು ಬಂದ ನಿಜವಾದ ವೇಳೆಯನ್ನು ಎರಡು ವಾರ ಬರೆದಿಡಿ. ಅದನ್ನು ಹತ್ತಿರದ ಕಾಲು ಗಂಟೆಗೆ, ಮುಂದಿನ ಕಾಲು ಗಂಟೆಗೆ, 5 ನಿಮಿಷಕ್ಕೆ ಎಂದು ಮೂರು ಬಗೆಯಲ್ಲಿ ರೌಂಡ್ ಮಾಡಿಸಿ, ಒಟ್ಟು ವ್ಯತ್ಯಾಸವನ್ನು ನಕ್ಷೆಯಲ್ಲಿ ಗುರುತಿಸಲು ಹೇಳಿ. ಯಾವ ಗೆರೆ ಸೊನ್ನೆಯ ಸುತ್ತ ಅಲೆಯುತ್ತದೆ, ಯಾವುದು ಒಂದೇ ಕಡೆಗೆ ಏರುತ್ತದೆ ಎಂಬುದನ್ನು ಅವರೇ ಕಾಣಲಿ. ಇಂದು ಬೆಂಚಿನ ಮೇಲೆ ಕುಳಿತವರಲ್ಲಿ ಕೆಲವರು ನಾಳೆ ಪಂಚ್ ಮಾಡುವವರು, ಕೆಲವರು ನಿಯಮಕ್ಕೆ ಟಿಕ್ ಹಾಕುವವರು. ಇಬ್ಬರಿಗೂ ಈ ಲೆಕ್ಕ ತಿಳಿದಿರಬೇಕು.